ನಾಲ್ಕು ಹೋಳಿಗೆಯ ಇನ್ಸುಲಿನ್

ದಾಸನಕೊಪ್ಪದ ವೀರಪ್ಪನವರ ಮನೆಯ ಜೋಳದ ರೊಟ್ಟಿ ಎತ್ತಿನ ಗಾಡಿಯ ಗಾಲಿಯಷ್ಟು ದೊಡ್ಡದು ಎಂದು ಬನವಾಸಿಯವರು ಹೇಳುತ್ತಾರೆ. ಅದು ಬನವಾಸಿಯವರ ಹೊಟ್ಟೆಕಿಚ್ಚು. ನಿಜವಾಗಿ ಗಾಲಿಗಿಂತ ದೊಡ್ಡದು. ವೀರಪ್ಪನವರ ಹೆಂಡತಿ ಗುರುಶಾಂತವ್ವ ರೊಟ್ಟಿ ಬಡಿಯಲು ಕೂತರೆ ಆ ಸದ್ದಿಗೆ ಆಚೆ ಓಣಿಯವರು ಗುಡುಗಿತೆಂದು ತಿಳಿದು ಒಣಹಾಕಿದ ಮೆಣಸಿನಕಾಯಿ ಒಳಗೆ ತರುತ್ತಿದ್ದರು. ಸುಟ್ಟ ರೊಟ್ಟಿಯನ್ನು ಆರಲಿ ಎಂದು ಅಂಗಳದ ಗೋಡೆಗೆ ಆನಿಸಿ ನಿಲ್ಲಿಸಿದರೆ ಅದರ ನೆರಳಿನಲ್ಲಿ ಎರಡು ಆಕಳು ಮಲಗಿ ಮೆಲುಕು ಹಾಕುತ್ತಿದ್ದವು. ಮೂರನೆಯದಕ್ಕೂ ಜಾಗವಿತ್ತು, ಆದರೆ ಅದಕ್ಕೆ ಬಿಸಿಲೇ ಇಷ್ಟ.

ಇಂಥ ಮನೆಯ ಯಜಮಾನನಿಗೆ ಸಕ್ಕರೆ ಕಾಯಿಲೆ ಬಂದರೆ ಅದೂ ಮನೆತನಕ್ಕೆ ತಕ್ಕಂತೆಯೇ ಬರಬೇಕಲ್ಲ. ಶಿರಸಿಯ ಆಸ್ಪತ್ರೆಯಲ್ಲಿ ವೀರಪ್ಪನವರ ಬೆರಳು ಚುಚ್ಚಿ ರಕ್ತ ನೋಡಿದಾಗ ಮಷೀನು ಅಂಕಿಯನ್ನೇ ತೋರಿಸಲಿಲ್ಲ. ‘ಹೈ’ ಎಂದಷ್ಟೇ ಬರೆದು, ಇಷ್ಟನ್ನೆಲ್ಲ ಎಣಿಸುವುದು ನನ್ನ ಕೆಲಸವಲ್ಲ ಎನ್ನುವಂತೆ ಸುಮ್ಮನಾಯಿತು. ಡಾಕ್ಟರು ಊಟಕ್ಕೆ ಮುಂಚೆ ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ನು ಬರೆದುಕೊಟ್ಟು, ಪಕ್ಕದ ಕೋಣೆಯ ಡಯಟಿಶಿಯನ್ ಹತ್ತಿರ ಕಳಿಸಿದರು.

ಆಕೆ ಸಿದ್ದಾಪುರ ಕಡೆಯ ಹುಡುಗಿ, ಹೆಸರು ಸ್ಫೂರ್ತಿ. ಕಡ್ಡಿಯಂಥ ಮೈ, ಗರಗಸದಂಥ ಪ್ರಶ್ನೆ. ಅವಳ ಮುಂದೆ ಕೂತು ಸುಳ್ಳು ಹೇಳಿ ಎದ್ದು ಹೋದವರು ಮೂರು ತಾಲೂಕಿನಲ್ಲಿ ಯಾರೂ ಇಲ್ಲ.

“ಮಧ್ಯಾಹ್ನ ಎಂತ ತಿಂತ್ರಿ?” ಎಂದಳು.

“ಎರಡ ರೊಟ್ಟಿರೀ ಮೇಡಂ. ಎರಡಂದ್ರ ಎರಡ. ನಮ್ಮ ಕುಲದಾಗ ಸುಳ್ಳ ಹೇಳೋದಿಲ್ರಿ,” ಎಂದರು ವೀರಪ್ಪ.

ಜೊತೆಗೆ ಬಂದಿದ್ದ ಮಗಳು ಮಹೇಶ್ವರಿ ಕಿಟಕಿಯಿಂದ ಹೊರಗೆ ನೋಡತೊಡಗಿದಳು. ಬಿ.ಕಾಂ. ಮುಗಿಸಿ ಅಪ್ಪನ ಬೀಜ-ಗೊಬ್ಬರದ ಅಂಗಡಿಯನ್ನು ಬೆರಳ ತುದಿಯಲ್ಲಿ ನಡೆಸುವ ಹುಡುಗಿ. ಅಪ್ಪ ಹೇಳಿದ ಮಾತು ಸುಳ್ಳಲ್ಲ, ಆದರೆ ಕೇಳಿದವರಿಗೆ ಸತ್ಯವೂ ಗೊತ್ತಾಗುವುದಿಲ್ಲ ಎಂಬುದು ಅವಳಿಗೆ ತಿಳಿದಿತ್ತು.

ಸ್ಫೂರ್ತಿ ವಿಷಯವನ್ನು ಬಿಡಿಸಿ ಹೇಳಿದಳು. ರೊಟ್ಟಿ, ಅನ್ನ, ಹಣ್ಣು, ಬೆಲ್ಲ, ಯಾವುದೇ ಇರಲಿ, ಅದರೊಳಗಿನ ಕಾರ್ಬೋಹೈಡ್ರೇಟು ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುತ್ತದೆ. ಹಾಗಾಗಿ ತಟ್ಟೆಯಲ್ಲಿ ಅದು ಎಷ್ಟು ಗ್ರಾಂ ಇದೆ ಎಂದು ಮೊದಲು ಎಣಿಸಬೇಕು, ಅಷ್ಟಕ್ಕೆ ತಕ್ಕ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಎಣಿಸಿದಷ್ಟನ್ನೇ ತಿನ್ನಬೇಕು. ಕಡಿಮೆ ಚುಚ್ಚಿ ಹೆಚ್ಚು ತಿಂದರೆ ಸಕ್ಕರೆ ಏರುತ್ತದೆ. ಹೆಚ್ಚು ಚುಚ್ಚಿ ತಿನ್ನದೆ ಕೂತರೆ ಇಳಿಯುತ್ತದೆ. ಇಳಿಯುವುದು ಏರುವುದಕ್ಕಿಂತ ಅವಸರದ ಅಪಾಯ. ಬೆವರು ಬರುತ್ತದೆ, ಕೈ ನಡುಗುತ್ತದೆ, ದೇವರಂಥ ಮನುಷ್ಯನೂ ಜಗಳಕ್ಕೆ ನಿಲ್ಲುತ್ತಾನೆ, ಆಮೇಲೆ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಹಾಗಾದಾಗ ತಕ್ಷಣ ಮೂರು ಚಮಚ ಸಕ್ಕರೆ ಬಾಯಿಗೆ ಹಾಕಬೇಕು.

ವೀರಪ್ಪನವರು ಇಷ್ಟೆಲ್ಲದರಲ್ಲಿ ಕೇಳಿಸಿಕೊಂಡದ್ದು ಒಂದೇ ಮಾತು, ತಿನ್ನುವಷ್ಟಕ್ಕೆ ಚುಚ್ಚಿಕೊಂಡರಾಯಿತು.

ಮುಂದಿನ ಭೇಟಿಗೆ ಮನೆಯ ಒಂದು ರೊಟ್ಟಿ ತನ್ನಿ ಎಂದಿದ್ದಳು ಸ್ಫೂರ್ತಿ. ತಂದರು. ಬಸ್ಸಿನಲ್ಲಿ ಕಂಡಕ್ಟರು ಅದಕ್ಕೂ ಅರ್ಧ ಟಿಕೆಟು ಹರಿಯಬೇಕೋ ಎಂದು ಬಹಳ ಹೊತ್ತು ಯೋಚಿಸಿದನಂತೆ. ಆಸ್ಪತ್ರೆಯ ತಕ್ಕಡಿಯ ಮೇಲೆ ಇಟ್ಟಾಗ ತಕ್ಕಡಿ ಕಾಣಲಿಲ್ಲ, ಮೇಜೂ ಕಾಣಲಿಲ್ಲ. ರೊಟ್ಟಿಯ ಅಂಚಿನಾಚೆಯಿಂದ ಸ್ಫೂರ್ತಿಯ ದನಿ ಮಾತ್ರ ಬಂತು.

“ಎರಡು ಅಂದಿದ್ರಿ.”

“ಹೌದ್ರಿ, ಎರಡ.”

“ಇದೊಂದರೊಳಗೆ ನನ್ನ ಲೆಕ್ಕದ ನಾಲ್ಕು ರೊಟ್ಟಿ ಉಂಟು ಮಾರಾಯ್ರೆ.”

ಗುರುಶಾಂತವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. “ಇವರು ನಿಮ್ಮ ಮುಂದ ಎರಡ ಅಂದಾಗಿಂದ ಒಂಚೂರು ದೊಡ್ಡವ ಮಾಡಾಕತ್ತೇನ್ರಿ ತಂಗಿ. ದುಡಿಯೋ ಗಂಡಸು ಉಪವಾಸ ಬೀಳಬಾರದಲ್ಲ?”

ಸ್ಫೂರ್ತಿ ಲೆಕ್ಕದ ಅಧಿಕಾರವನ್ನು ಗಂಡನಿಂದಲೂ ಹೆಂಡತಿಯಿಂದಲೂ ಕಿತ್ತುಕೊಂಡು ಮಹೇಶ್ವರಿಯ ಕೈಗೆ ಕೊಟ್ಟಳು. “ಊಟಕ್ಕೆ ಮೊದಲು ತಟ್ಟೆಯ ಫೋಟೋ ತೆಗೆದು ನಮ್ಮ ಗ್ರೂಪಿಗೆ ಹಾಕು. ಎಷ್ಟು ಗ್ರಾಂ ಅಂತ ನೀನೇ ಅಂದಾಜು ಮಾಡಿ ಬರಿ. ತಪ್ಪಿದ್ರೆ ನಾನು ಹೇಳ್ತೆ.”

ಆ ವಾಟ್ಸಾಪ್ ಗ್ರೂಪಿನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಕ್ಕರೆಯವರ ಮನೆಮಂದಿಯೆಲ್ಲ ಇದ್ದರು. ಹೆಸರು ಹಾಕುವಂತಿಲ್ಲ, ಮುಖ ತೋರಿಸುವಂತಿಲ್ಲ, ಬರೇ ತಟ್ಟೆ. ಮಹೇಶ್ವರಿ ಅಪ್ಪನ ರೊಟ್ಟಿಯ ಮೊದಲ ಫೋಟೋ ಹಾಕಿದ ದಿನ ಗ್ರೂಪಿನವರೆಲ್ಲ ಫೋನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಯಲ್ಲಾಪುರದ ಕಡೆಯಿಂದ ಒಂದು ಸಂದೇಶ ಬಂತು: ‘ನಮ್ಮದು ಟೈರಿನ ಅಂಗಡಿ. ಈ ಅಳತೆಯದು ಲಾರಿಗೂ ಬರುವುದಿಲ್ಲ. ಯಾವ ಗಾಡಿಯದು?’

ಮಹೇಶ್ವರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಟೈರಿನವನ ತಟ್ಟೆಯ ಫೋಟೋ ಯಾವಾಗ ಬರುತ್ತದೆಂದು ಕಾದು ಕೂತಳು. ಮರುದಿನ ಬಂತು: ಅನ್ನ, ಸಾರು, ಸೊಪ್ಪಿನ ಪಲ್ಯ, ಅಂದಾಜು ನಲವತ್ತೈದು ಗ್ರಾಂ. ಅವಳು ಫೋಟೋ ಹಿಗ್ಗಿಸಿ ನೋಡಿದಳು. ಅನ್ನದ ರಾಶಿ ಒಂದು ಮಗ್ಗುಲಿಗೆ ಏಕೆ ಉಬ್ಬಿದೆ? ‘ಅನ್ನಕ್ಕೆ ನಲವತ್ತೈದು ಸರಿ. ಅದರ ಕೆಳಗೆ ಮಲಗಿರುವ ಜಿಲೇಬಿಯದು ಬೇರೆ ಬರೆಯಿರಿ’ ಎಂದು ಹಾಕಿದಳು.

ಯಲ್ಲಾಪುರದಲ್ಲಿ ವಿನೋದನೆಂಬ ಆ ಹುಡುಗ ಚಮಚದಿಂದ ಅಪ್ಪನ ಅನ್ನ ಸರಿಸಿ ನೋಡಿದ. ಜಿಲೇಬಿ ಒಂದಲ್ಲ, ಎರಡಿದ್ದವು. ಅವನ ಅಪ್ಪ ಸುಭಾಷಣ್ಣ ಮಗನ ಮುಖವನ್ನೂ ಜಿಲೇಬಿಯ ಮುಖವನ್ನೂ ನೋಡಿ, ಇವು ಯಾವಾಗ ಬಂದವೋ ತನಗೇ ತಿಳಿಯದು ಎಂಬಂತೆ ಆಶ್ಚರ್ಯಪಟ್ಟರು. ಆ ಜಿಲೇಬಿಗಳ ಜೊತೆಗೇ ವಿನೋದನ ಹೃದಯವೂ ಬಯಲಾಯಿತು. ಲೋಕದಲ್ಲಿ ಹುಡುಗರು ಹುಡುಗಿಯರಿಗೆ ಚಂದ್ರ ನಕ್ಷತ್ರ ಎಂದೆಲ್ಲ ಬರೆದು ಕಳಿಸುತ್ತಾರೆ. ಇವರಿಬ್ಬರು ಗ್ರೂಪಿನಿಂದಾಚೆ ಹೆಸರು, ಊರು ಕೇಳಿಕೊಂಡು ವರ್ಷವಿಡೀ ಗ್ರಾಂ ಬರೆದರು. ‘ಇವತ್ತು ಇಡ್ಲಿ ಮೂರು’ ಎಂಬುದಕ್ಕೆ ‘ಚಟ್ನಿಯ ಬಣ್ಣ ಚೆನ್ನಾಗಿದೆ’ ಎಂಬ ಉತ್ತರ ಬಂದರೆ ಮಹೇಶ್ವರಿ ಅಂದು ಗಿರಾಕಿಗಳಿಗೆಲ್ಲ ಯೂರಿಯಾ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದಳು.

ವಿನೋದ ದೂರದ ಮಾವನೊಬ್ಬನ ಕಿವಿಯಲ್ಲಿ ದಾಸನಕೊಪ್ಪದ ಹೆಸರು ಊದಿದ. ಮಾವ ಅದನ್ನು ತನ್ನದೇ ಶೋಧವೆಂದು ತಿಳಿದು ಎರಡೂ ಮನೆಗೆ ಓಡಾಡಿದ. ಒಂದೇ ಜನ, ಒಂದೇ ಮಠ, ವ್ಯಾಪಾರದ ಮನೆ. ಹೆಣ್ಣು ನೋಡಿದ್ದಾಯಿತು, ಮನೆ ನೋಡಿದ್ದಾಯಿತು, ಸಕ್ಕರಿ ಶಾಸ್ತ್ರಕ್ಕೆ ದಿನ ಗೊತ್ತಾಯಿತು.

ತೊಡಕು ಇದ್ದದ್ದು ವಿನೋದನ ಅಜ್ಜಿ ಗೌರಕ್ಕನ ಹತ್ತಿರ. ಮೊಮ್ಮಗನಿಗೆ ಆಕೆ ಇದುವರೆಗೆ ಬೇಡವೆಂದ ಹೆಣ್ಣುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸಾಲು ಯಲ್ಲಾಪುರದಿಂದ ಉಮ್ಮಚಗಿ ಮುಟ್ಟುತ್ತಿತ್ತು. ಒಬ್ಬಳ ಚಿಕ್ಕಪ್ಪ ಕೆಮ್ಮಿದ. ಒಬ್ಬಳ ಅತ್ತೆಗೆ ದಪ್ಪ ಕನ್ನಡಕ. ಒಂದು ಮನೆಯಲ್ಲಂತೂ ನಾಯಿ ಕುಂಟುತ್ತಿತ್ತು. “ರೋಗಿಲ್ಲದ ಮನಿತನ ಬೇಕು. ನಮ್ಮ ಸುಭಾಸನ್ನ ನೋಡ್ರಿ, ಕಲ್ಲ ಇದ್ದಂಗ ಅದಾನ,” ಎನ್ನುವುದು ಆಕೆಯ ಪಲ್ಲವಿ. ಕಲ್ಲಿನಂಥ ಸುಭಾಷಣ್ಣ ಅವ್ವನಿಗೆ ಕಾಣದ ಹಾಗೆ ಟೈರಿನ ರಾಶಿಯ ಹಿಂದೆ ನಿಂತು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಅವ್ವ ಅಕ್ಕರೆಯಿಂದ ಬಡಿಸಿದ ಜಿಲೇಬಿಯನ್ನು ಮಗನಿಗೆ ಕಾಣದ ಹಾಗೆ ಅನ್ನದ ಕೆಳಗೆ ಮುಚ್ಚುತ್ತಿದ್ದರು. ಬದುಕೆಲ್ಲ ಮುಚ್ಚುವುದರಲ್ಲೇ ಕಳೆಯುತ್ತಿತ್ತು.

ಇತ್ತ ಗುರುಶಾಂತವ್ವ ಗಂಡನಿಗೂ ಮಗಳಿಗೂ ತಾಕೀತು ಮಾಡಿದ್ದರು. “ಆ ಮುದುಕಿ ಮುಂದ ಶುಗರಿನ ಸುದ್ದಿ ಯಾರರೆ ತಗದ್ರೀ, ನಾಲಿಗಿ ಹಿರದ ಉಪ್ಪಿನಕಾಯಿ ಹಾಕತೇನಿ. ಅಕ್ಷತಿ ಬೀಳೂತನಾ ನಿಮ್ಮಪ್ಪಗ ಯಾವ ರೋಗಾನೂ ಇಲ್ಲ.”

ಮಹೇಶ್ವರಿ ಸ್ಫೂರ್ತಿಗೆ ಫೋನು ಮಾಡಿ ದಾರಿ ಕೇಳಿದಳು. ಸ್ಫೂರ್ತಿಗೆ ಎರಡೂ ತಟ್ಟೆಗಳ ಕಥೆ ಗೊತ್ತು. ಆದರೂ ಒಬ್ಬ ರೋಗಿಯ ವಿಷಯ ಇನ್ನೊಬ್ಬರ ಹತ್ತಿರ ಆಡುವವಳಲ್ಲ. “ನಂಗೆ ಯಾರ ಮದುವೆ ಸುದ್ದಿಯೂ ಗೊತ್ತಿಲ್ಲೆ. ಒಂದು ಮಾತು ಮಾತ್ರ ನೆನಪಿಡು. ಊಟ ಎಲೆ ಮೇಲೆ ಬಿದ್ದದ್ದು ಕಣ್ಣಿಗೆ ಕಾಣದೆ ಸೂಜಿ ಚುಚ್ಚೂಕೆ ಬಿಡಬೇಡ,” ಎಂದಳು. ನಗುತ್ತಿದ್ದಳೋ ಏನೋ, ಫೋನಿನಲ್ಲಿ ತಿಳಿಯಲಿಲ್ಲ.

ಆ ಜನದಲ್ಲಿ ಸಕ್ಕರಿ ಶಾಸ್ತ್ರವೆಂದರೆ ಮದುವೆಯ ಮಾತಿಗೆ ಬೀಗ ಜಡಿದ ಹಾಗೆ. ಮಠದ ಅಯ್ಯನವರು ಬಂದು ಕೂತ ಮೇಲೆ, ಅವರೆದುರಿಗೆ ಹೆಣ್ಣಿನ ಅಪ್ಪ ಗಂಡಿನ ಅಪ್ಪನ ಬಾಯಿಗೆ, ಗಂಡಿನ ಅಪ್ಪ ಹೆಣ್ಣಿನ ಅಪ್ಪನ ಬಾಯಿಗೆ ಸಕ್ಕರೆ ಹಾಕಬೇಕು. ಅಲ್ಲಿಯವರೆಗೆ ಯಾರು ಬೇಕಾದರೂ ಎದ್ದು ಹೋಗಬಹುದು. ಬಾಯಲ್ಲಿ ಸಕ್ಕರೆ ಕರಗಿದ ಮೇಲೆ ಬ್ರಹ್ಮ ಬಂದರೂ ಮಾತು ಹಿಂದೆ ತೆಗೆಯುವಂತಿಲ್ಲ. ಆಮೇಲೆ ಅಯ್ಯನವರ ಪಾದಪೂಜೆ, ಅವರ ಪ್ರಸಾದ, ಅನಂತರವೇ ಉಳಿದವರ ಬಾಯಿಗೆ ಹೋಳಿಗೆ. ಅಯ್ಯನವರಿಗಿಂತ ಮುಂಚೆ ಒಂದು ಅಗುಳು ತಿಂದವರು ಆ ಕಡೆ ಇಲ್ಲ.

ಅವತ್ತು ಒಳ್ಳೆಯ ಮುಹೂರ್ತ. ಅಯ್ಯನವರನ್ನು ಊರೂರಿನವರು ಹರಿದು ಹಂಚಿಕೊಂಡಿದ್ದರು.

ಯಲ್ಲಾಪುರದವರು ಬಂದರು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ನಡುವೆ ಹಿತ್ತಾಳೆಯ ತಟ್ಟೆ, ಅದರ ತುಂಬ ಸಕ್ಕರೆ. ಎಷ್ಟಿತ್ತೆಂದರೆ ಆ ಗುಡ್ಡಕ್ಕೆ ಹತ್ತಿದ ಇರುವೆಗಳಿಗೆ ಇಳಿಯುವ ದಾರಿ ಸಿಗದೆ ಮೇಲೇ ಸಂಸಾರ ಹೂಡಿದ್ದವು. ಮಹೇಶ್ವರಿ ರೇಷ್ಮೆ ಸೀರೆಯುಟ್ಟು ತಲೆ ತಗ್ಗಿಸಿ ಕೂತಳು. ಪಕ್ಕದಲ್ಲೇ ಗೌರಕ್ಕ ಕೂತು ಅವಳ ಮಣಿಕಟ್ಟು ಹಿಡಿದುಕೊಂಡರು. ಪ್ರೀತಿಗೋ, ನಾಡಿ ನೋಡಲಿಕ್ಕೋ, ಹೇಳಬರುವಂತಿರಲಿಲ್ಲ. ಎದುರಿಗೆ ಇಬ್ಬರು ಬೀಗರು ಲೋಡಿಗೆ ಒರಗಿದ್ದರು. ಬಾಗಿಲ ಬಳಿ ವಿನೋದ. ಒಳಗಿನಿಂದ ಹೋಳಿಗೆಯ ವಾಸನೆ ಬಂದು ರಸ್ತೆಯಲ್ಲಿ ಹೋಗುವ ಬನವಾಸಿ ಬಸ್ಸು ಇಲ್ಲದ ಸ್ಟಾಪಿನಲ್ಲಿ ನಿಂತಿತು.

ಗುರುಶಾಂತವ್ವ ಫೋನು ಹಿಡಿದುಕೊಂಡೇ ಹೊರಗೆ ಬಂದು ಸಾರಿದರು. “ಅಯ್ಯನವ್ರು ಬಂದಬಿಟ್ರಂತ. ಎಲಿ ಹಾಕ್ರಿ.”

ದಾಸನಕೊಪ್ಪದಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ‘ಬಂದಬಿಟ್ರು’ ಎಂದರೆ ಇನ್ನೂ ಹೊರಟಿಲ್ಲ ಎಂದು ಗೊತ್ತು. ಆದರೆ ಹೋಳಿಗೆಯ ವಾಸನೆ ಮೂಗಿಗೆ ಹತ್ತಿದವನಿಗೆ ಇಂಥ ವಿವೇಕವೆಲ್ಲ ಎಲ್ಲಿಂದ ಬರಬೇಕು. ವೀರಪ್ಪನವರು ಮೆಲ್ಲಗೆ ಎದ್ದು ಗೊಬ್ಬರದ ಚೀಲಗಳಿದ್ದ ಕೋಣೆಗೆ ಹೋದರು. ಮಹೇಶ್ವರಿ ತಲೆಯಾಡಿಸಿದಳು, ಕಣ್ಣು ಬಿಟ್ಟಳು, ಕೆಮ್ಮಿದಳು. ಅವರು ನೋಡಲೇ ಇಲ್ಲ. ಹೊರಗೆ ಬಂದಾಗ ಅಂಗಿಯನ್ನು ಪಂಚೆಯೊಳಗೆ ಸಿಕ್ಕಿಸಿಕೊಳ್ಳುತ್ತ, ಮಗಳಿಗೆ ಮಾತ್ರ ಕಾಣುವಂತೆ ನಾಲ್ಕು ಬೆರಳು ಎತ್ತಿದರು. ಅವಳು ಲೆಕ್ಕ ಹಾಕಿ ಕೊಟ್ಟದ್ದು ಎರಡು ಹೋಳಿಗೆಗೆ. ಬೀಗರ ಮುಂದೆ ಎರಡೇ ತಿಂದು ಎದ್ದರೆ ಮಾನವೇನು ಉಳಿಯಿತು ಎಂದು ಇವರು ನಾಲ್ಕಕ್ಕೆ ಚುಚ್ಚಿಕೊಂಡಿದ್ದರು. ಹೋಳಿಗೆಯೂ ರೊಟ್ಟಿಯ ಮನೆಯ ಹೋಳಿಗೆಯೇ, ಅದನ್ನು ಬೇರೆ ಹೇಳಬೇಕಾಗಿಲ್ಲ.

ಮಹೇಶ್ವರಿ ಗಾಬರಿಯಿಂದ ಬಾಗಿಲ ಕಡೆ ನೋಡಿದಳು. ಅಷ್ಟರಲ್ಲಿ ಸುಭಾಷಣ್ಣ ಬಚ್ಚಲುಮನೆಯಿಂದ ಬರುತ್ತಿದ್ದರು, ಅವರೂ ಅಂಗಿ ಸಿಕ್ಕಿಸಿಕೊಳ್ಳುತ್ತಿದ್ದರು. ಬಾಗಿಲ ಬಳಿಯ ವಿನೋದ ತಲೆ ಕೆರೆದುಕೊಳ್ಳುವ ನೆವದಲ್ಲಿ ಕೈಯೆತ್ತಿ ಐದು ಬೆರಳು ತೋರಿಸಿದ.

ಎರಡೂ ಮನೆಯ ಎಲೆಗಳ ಮೇಲೆ ಇನ್ನೂ ಉಪ್ಪು ಕೂಡ ಬಿದ್ದಿರಲಿಲ್ಲ. ಮತ್ತೆ ಫೋನು ಬಂತು. ಅಯ್ಯನವರು ಇನ್ನೂ ಬನವಾಸಿಯಲ್ಲೇ ಇದ್ದರು. ಅಲ್ಲಿಯ ಮನೆಯವರು ಈಗಷ್ಟೇ ಪಾದಪೂಜೆಗೆ ನೀರು ಕಾಯಿಸಲು ಇಟ್ಟಿದ್ದರು.

ಮಹೇಶ್ವರಿ ಲೆಕ್ಕ ಹಾಕಿದಳು. ಈಗ ಬಾಯಿ ಬಿಟ್ಟರೆ ಗುಟ್ಟು ಹೋಗುತ್ತದೆ, ಗುಟ್ಟಿನ ಹಿಂದೆ ವಿನೋದನೂ ಹೋಗುತ್ತಾನೆ. ಬಿಡದಿದ್ದರೆ ಅಪ್ಪ ಹೋಗುತ್ತಾನೆ. ಎದ್ದು ಒಳಗೆ ಹೋಗೋಣವೆಂದರೆ ಗೌರಕ್ಕನ ಹಿಡಿತ ಉಡದ ಪಟ್ಟು.

“ಅಜ್ಜಿ, ಒಂದೀಟ ಒಳಗ ಹೋಗಿ ಬರತೇನ್ರಿ.”

“ಕುಂದ್ರು. ಶಾಸ್ತ್ರ ಆಗೂತನಾ ಹೆಣ್ಣ ಏಳಬಾರದು.”

ವೀರಪ್ಪನವರ ಹಣೆಯ ಮೇಲೆ ಮೊದಲು ಒಂದು ಹನಿ ಕಾಣಿಸಿತು. ಆಮೇಲೆ ಅದು ಹಳ್ಳವಾಯಿತು. ಹಳ್ಳ ಮೀಸೆಯಲ್ಲಿ ಸೇರಿ, ಅಲ್ಲಿಂದ ಧುಮುಕಿತು. ಜೋಗ ನೋಡಲು ಹೋಗುವವರು ಆ ಹೊತ್ತು ದಾಸನಕೊಪ್ಪಕ್ಕೆ ಬಂದಿದ್ದರೆ ಹಾದಿಯ ಖರ್ಚು ಉಳಿಯುತ್ತಿತ್ತು. ಸುಭಾಷಣ್ಣ ಕರ್ಚೀಫು ಹಿಂಡಿ ಹಿಂಡಿ ಮುಖ ಒರೆಸಿಕೊಳ್ಳುತ್ತಿದ್ದರು. ಇಬ್ಬರ ಕೈಗಳೂ ತಾಳ ಹಾಕುತ್ತಿದ್ದವು.

“ನಿಮ್ಮ ಕಡೆ ರೋಡ ಸ್ವಲ್ಪ ಕೆಟ್ಟೈತ್ರಿ,” ಎಂದರು ಸುಭಾಷಣ್ಣ. ಬೀಗರ ನಡುವೆ ಆಡುವಂಥ ಸಾದಾ ಮಾತು.

“ರೋಡ ಕೆಟ್ರನ ಅಲ್ರಿ ನಿಮ್ಮ ಟೈರು ಖರ್ಚಾಗೋದು?” ಎಂದರು ವೀರಪ್ಪ. “ಯಲ್ಲಾಪುರದ ಘಾಟಿನಾಗ ಒಂದು ಲಾರಿ ಬಿತ್ತಂದ್ರ ನಿಮ್ಮನ್ಯಾಗ ಹೋಳಿಗಿ ಅಂತ.”

ಪಡಸಾಲೆಯವರೆಲ್ಲ ಇತ್ತ ತಿರುಗಿದರು. ಊರಿನಲ್ಲಿ ವೀರಪ್ಪನವರಷ್ಟು ಮೆದು ಮಾತಿನ ಮನುಷ್ಯ ಇನ್ನೊಬ್ಬನಿಲ್ಲ. ಸಾಲ ಕೇಳಲು ಬಂದವನಿಗೂ ಕ್ಷಮೆ ಕೇಳಿ ಚಹಾ ಕುಡಿಸಿ ಕಳಿಸುವವರು.

“ಏನಂದ್ರಿ?” ಸುಭಾಷಣ್ಣನ ದನಿ ಏರಿತು. “ನಿಮ್ಮ ಗೊಬ್ಬರದ ಪ್ರತಾಪ ನಾವೂ ಕೇಳೇವ್ರಿ. ಅದನ್ನ ಹಾಕಿದ ಹೊಲದಾಗ ಕಳೆನೂ ಬೆಳಿಯೂದಿಲ್ಲಂತ.”

“ನಿಮ್ಮ ಟೈರಿನಾಗ ಗಾಳಿಗಿಂತ ಸುಳ್ಳ ಹೆಚ್ಚೈತಿ.”

“ಸುಳ್ಳ ತುಂಬಿದ್ರೂ ನಮ್ಮ ಟೈರ ಓಡತಾವು. ನಿಮ್ಮ ಬೀಜ ಮಣ್ಣಾಗ ಬಿದ್ದಲ್ಲೇ ಸಮಾಧಿ ಆಗತಾವು.”

“ಅಪ್ಪಾಜಿ,” ಎಂದು ವಿನೋದ ಮುಂದೆ ಬಂದ. ಹುಡುಗರು ಹಿರಿಯರ ನಡುವೆ ಬಾಯಿ ಹಾಕಬಾರದೆಂದು ಮಾವ ಅವನ ಅಂಗಿ ಹಿಡಿದು ಹಿಂದಕ್ಕೆಳೆದ.

ಸುಭಾಷಣ್ಣ ಎದ್ದು ನಿಂತರು. ನಿಂತರು ಎನ್ನುವುದು ಗೌರವದ ಮಾತು. ಮೊಣಕಾಲು ಎರಡೂ ಬೇರೆ ಬೇರೆ ಊರಿಗೆ ಹೊರಟಿದ್ದವು. “ಏಳವ್ವಾ, ಹೋಗೂಣು. ಈ ಮನಿ ಸಂಬಂಧ ನಮಗ ಬ್ಯಾಡ.”

“ಹೋಗ್ರಿ,” ಎಂದರು ವೀರಪ್ಪ, ಬಾಗಿಲು ತೋರಿಸಲು ಹೋಗಿ ಕಿಟಕಿ ತೋರಿಸಿದರು. “ಬಾಗಲಾ ತಗದ ಐತಿ.”

ಗುರುಶಾಂತವ್ವ ಬಾಗಿಲ ಚೌಕಟ್ಟಿಗೆ ಒರಗಿ ಬಾಯಿಗೆ ಸೆರಗು ಒತ್ತಿಕೊಂಡರು. ಗೌರಕ್ಕ ಏಳಲು ಮೊಣಕಾಲಿಗೆ ಕೈಯೂರಿದರು, ಇನ್ನೊಂದು ಕೈ ಮಹೇಶ್ವರಿಯ ಮಣಿಕಟ್ಟಿನ ಮೇಲೆಯೇ ಇತ್ತು. ಹನ್ನೆರಡನೆಯದೋ ಇಪ್ಪತ್ತನೆಯದೋ ಹೆಣ್ಣು ಬೇಡವೆಂದು ಸಾಲಿಗೆ ಸೇರುವುದಕ್ಕೆ ಇನ್ನೊಂದು ಉಸಿರಿನಷ್ಟೇ ಹೊತ್ತು. ಅಲ್ಲಿದ್ದವರಲ್ಲಿ ಇದು ಜಗಳವಲ್ಲ ಎಂದು ತಿಳಿದವರು ಇಬ್ಬರೇ. ಒಬ್ಬನ ಅಂಗಿ ಮಾವನ ಕೈಯಲ್ಲಿ, ಇನ್ನೊಬ್ಬಳ ಕೈ ಅಜ್ಜಿಯ ಕೈಯಲ್ಲಿ.

ಮಹೇಶ್ವರಿ ಎದ್ದಳು. ಗೌರಕ್ಕ ಕೈ ಬಿಡಲಿಲ್ಲ. ಬಿಡದಿದ್ದರೆ ಅವರೂ ಬರಲಿ ಎಂದು ಅಜ್ಜಿಯನ್ನು ಎಳೆದುಕೊಂಡೇ ಜಮಖಾನ ದಾಟಿ, ಹಿತ್ತಾಳೆ ತಟ್ಟೆಗೆ ಕೈ ಹಾಕಿ ಒಂದು ಮುಷ್ಟಿ ಸಕ್ಕರೆ ಬಾಚಿದಳು. ಇರುವೆಗಳ ಸಂಸಾರ ಅನಾಥವಾಯಿತು.

“ಅಪ್ಪಾ, ಬಾಯಿ ತಗಿ.”

“ಅಯ್ಯನವ್ರು ಬರ್ಲಿ,” ಎನ್ನಲು ಹೊರಟ ವೀರಪ್ಪನವರ ಬಾಯಿ ಮೊದಲ ಅಕ್ಷರಕ್ಕೇ ತೆರೆಯಿತು. ಅಷ್ಟೇ ಸಾಕಾಯಿತು. ಉಳಿದ ಅಕ್ಷರಗಳು ಸಕ್ಕರೆಯ ಕೆಳಗೆ ಹೂತುಹೋದವು.

ಸುಭಾಷಣ್ಣ ಹಾಗೆಲ್ಲ ಸಿಕ್ಕುವವರಲ್ಲ. ಹಲ್ಲು ಕಚ್ಚಿ ಮುಖ ಆಚೆ ತಿರುಗಿಸಿದರು. ಮಹೇಶ್ವರಿ ಅವರ ಕಿವಿಗೆ ಬಾಗಿ, ಆದರೆ ಅಜ್ಜಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು. “ಅನ್ನದ ಕೆಳಗ ಜಿಲೇಬಿ ಮುಚ್ಚಿ ಇಡೋರು ನೀವ ಅಲ್ರಿ ಮಾವಾರ?”

ಆಶ್ಚರ್ಯಕ್ಕೆ ಸುಭಾಷಣ್ಣನ ಬಾಯಿ ಬನವಾಸಿಯ ಕೆರೆಯ ತೂಬಿನಂತೆ ತೆರೆದುಕೊಂಡಿತು. ಎರಡನೆಯ ಮುಷ್ಟಿ ಅಲ್ಲಿ ಬಿತ್ತು.

ವಿನೋದ ಅಂಗಿಯ ಒಂದು ಗುಂಡಿಯನ್ನು ಮಾವನ ಕೈಯಲ್ಲೇ ಬಿಟ್ಟು ಓಡಿ ಬಂದ. ಇಬ್ಬರನ್ನೂ ಲೋಡಿಗೆ ಒರಗಿಸಿ ಕೂರಿಸಿ, ಜೇಬಿನಿಂದ ಮಷೀನು ತೆಗೆದು ಇಬ್ಬರ ಬೆರಳೂ ಚುಚ್ಚಿದ. ವೀರಪ್ಪನವರದು ಐವತ್ತೆರಡು, ಸುಭಾಷಣ್ಣನದು ನಲವತ್ತೊಂಬತ್ತು.

“ನಂದು ಮೂರು ಕಡಿಮಿ ಬಂತು,” ಎಂದರು ಸುಭಾಷಣ್ಣ, ಬಾಯ್ತುಂಬ ಸಕ್ಕರೆ ಇಟ್ಟುಕೊಂಡೇ, ಗೆದ್ದವರ ಹಾಗೆ.

“ನಿಮ್ಮ ಮಷೀನ, ನಿಮ್ಮ ಕಡೆನ ಹೇಳತೈತಿ,” ಎಂದರು ವೀರಪ್ಪ.

“ಏನಿದು?” ಎಂದರು ಗೌರಕ್ಕ.

ಮಹೇಶ್ವರಿ ಹೇಳಿಬಿಟ್ಟಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. “ಇಬ್ರಿಗೂ ಸಕ್ಕರಿ ಕಾಯಿಲೆ ಐತ್ರಿ ಅಜ್ಜಿ. ಉಣ್ಣೂಕಿಂತ ಮೊದಲ ಸೂಜಿ ಚುಚ್ಚಿಗೊಂಡಾರ. ಊಟ ಬರಲಿಲ್ಲ, ರಕ್ತದಾಗಿನ ಸಕ್ಕರಿ ಇಳೀತು. ಈಗ ಜಗಳಾಡಿದ್ದು ಇವರಲ್ರಿ, ಔಷಧ.”

“ಸುಭಾಸಾ,” ಎಂದರು ಗೌರಕ್ಕ. ಯಲ್ಲಾಪುರದ ಪೇಟೆಯಲ್ಲಿ ಲಾರಿ ಡ್ರೈವರುಗಳನ್ನೆಲ್ಲ ನಡುಗಿಸುವ ಸುಭಾಷಣ್ಣ ಎರಡನೆಯ ಇಯತ್ತೆಯ ಹುಡುಗನಾದರು. “ಯಾವಾಗಿಂದ?”

“ಮೂರು ವರ್ಷಾತವ್ವಾ.”

“ನಾ ಹಾಕಿದ ಜಿಲೇಬಿ?”

ಸುಭಾಷಣ್ಣ ಸಕ್ಕರೆ ನುಂಗಿದರು.

ಗುರುಶಾಂತವ್ವ ಅಷ್ಟು ಹೊತ್ತು ಭೂಮಿ ಬಾಯಿಬಿಡಲಿ ಎಂದು ಕಾಯುತ್ತಿದ್ದವರು ಈ ಮಾತು ಕೇಳಿ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತರು. ಒಲೆಯ ಮುಂದೆ ನಿಂತಾಗಿನ ಧೈರ್ಯವೆಲ್ಲ ವಾಪಸು ಬಂತು. “ನೀವೂ ಮುಚ್ಚಿದ್ರೇನ್ರಿ ಮತ್ತ? ಇದು ತಿಳಿದಿದ್ರ ನಾ ಈ ತಿಂಗಳ ನಿದ್ದಿನರೆ ಮಾಡತಿದ್ನಲ್ಲ.”

ಮಾವನಿಗೆ ತನ್ನ ಶೋಧ ಹಾಳಾಗುವ ಚಿಂತೆ. ಕೈಯಲ್ಲಿದ್ದ ಗುಂಡಿಯನ್ನು ತಿರುಗಿಸುತ್ತ, “ಅಯ್ಯನವ್ರು ಇಲ್ದ ಸಕ್ಕರಿ ಆಗೈತಿ, ಅದೂ ಜಗಳದ ನಡುವ. ಶಕುನ ನೆಟ್ಟಗಿಲ್ಲ. ಇವತ್ತು ಬಿಟ್ಟು ಇನ್ನೊಂದು ದಿನ ನೋಡೂಣೇನು?” ಎಂದ.

ಎಲ್ಲರೂ ಗೌರಕ್ಕನ ಮುಖ ನೋಡಿದರು. ಮಹೇಶ್ವರಿ ಮಾತ್ರ ನೋಡಲಿಲ್ಲ. ಅವಳು ತನ್ನ ಮಣಿಕಟ್ಟು ನೋಡುತ್ತಿದ್ದಳು. ಅಜ್ಜಿಯ ಹಿಡಿತ ಸಡಿಲಾಗುತ್ತಿತ್ತು. ಒಂದೊಂದೇ ಬೆರಳು ಬಿಟ್ಟಿತು. ಕೊನೆಗೆ ಕೈ ಪೂರಾ ಬಿಟ್ಟುಹೋಯಿತು, ಅಲ್ಲಿ ಬಳೆಯ ಗುರುತು ಕೆಂಪಗೆ ಮೂಡಿತ್ತು. ಆಯಿತು, ಮುಗಿಯಿತು ಎಂದುಕೊಂಡಳು.

ಗೌರಕ್ಕ ಮಗನ ಹತ್ತಿರ ಹೋಗಿ ಅವನ ಕೈ ಹಿಡಿದರು. ನಡುಕ ನಿಲ್ಲುತ್ತ ಬಂದಿತ್ತು. ಹಿಡಿದುಕೊಂಡೇ ಮಾವನ ಕಡೆ ತಿರುಗಿದರು.

“ಮೂರು ವರ್ಷ ಇಂವ ನನ್ನ ಮುಂದ ಕುಂತು ಉಂಡಾನ. ಹಡದಾಕಿ ನಾನು, ನನಗ ತಿಳೀಲಿಲ್ಲ. ಈ ಹುಡುಗಿ ದಾಸನಕೊಪ್ಪದಾಗ ಕುಂತು ಅವನ ತಟ್ಟಿಯಾಗಿನ ಜಿಲೇಬಿ ಕಂಡಾಳ. ಇಂಥಾಕಿನ್ನ ಬಿಟ್ಟ ಹೋದ್ರ ಅವನ ಅನ್ನದ ಕೆಳಗ ನಾಳೆ ನಾ ಏನೇನ ಹುಡುಕ್ಲಿ?” ವಿನೋದನನ್ನು ಮೇಲಿಂದ ಕೆಳಗೆ ನೋಡಿದರು. “ಹೆಂಗ ಕಂಡ್ಳು ಅನ್ನೂದನ್ನ ಮನಿಗೆ ಹೋದ ಮ್ಯಾಲೆ ಇಂವನ್ನ ಕೇಳತೇನಿ.”

ವಿನೋದ ಗುಂಡಿಯಿಲ್ಲದ ಅಂಗಿಯನ್ನು ಕೈಯಿಂದ ಮುಚ್ಚಿಕೊಂಡ.

“ಮತ್ತ ಶಾಸ್ತ್ರ?” ಎಂದ ಮಾವ.

“ಇಬ್ರ ಬಾಯಾಗೂ ಒಂದ ತಟ್ಟಿಯಾಗಿನ ಸಕ್ಕರಿ ಬಿದ್ದೈತಿ. ಇನ್ಯಾವ ಶಾಸ್ತ್ರ ನಿಂದು?”

ಅಷ್ಟರಲ್ಲಿ ಬೀಗರ ರಕ್ತಕ್ಕೆ ಸಕ್ಕರೆ ಏರಿತ್ತು. ಏರಿದ ಹಾಗೆ ಪ್ರೀತಿಯೂ ಏರಿತು.

“ನಿಮ್ಮ ಟೈರಿನಂಥಾ ಟೈರ ಈ ಜಿಲ್ಲಾದಾಗ ಇಲ್ರಿ,” ಎಂದರು ವೀರಪ್ಪ, ಕಣ್ಣಲ್ಲಿ ನೀರು ತಂದುಕೊಂಡು.

“ನಿಮ್ಮ ಗೊಬ್ಬರ ಹಾಕಿದ್ರ ಆ ಟೈರಿಗೂ ಚಿಗುರ ಬರತೈತ್ರಿ,” ಎಂದರು ಸುಭಾಷಣ್ಣ, ಅವರ ಕೈ ಹಿಡಿದುಕೊಂಡು.

ಮಹೇಶ್ವರಿ ಸ್ಫೂರ್ತಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು. ನಡೆದದ್ದನ್ನೆಲ್ಲ ಕೇಳಿದ ಸ್ಫೂರ್ತಿ ಮೊದಲು ಕೇಳಿದ್ದು ಲೆಕ್ಕ.

“ಎಷ್ಟು ಹೋಳಿಗೆಗೆ ಚುಚ್ಚಿದ್ದು?”

“ನಮ್ಮಪ್ಪ ನಾಲ್ಕು, ಅವರು ಐದು.”

“ಇಬ್ರಿಗೂ ನಾಳೆ ಬೆಳಿಗ್ಗೆ ನನ್ನ ಹತ್ರ ಬರೂಕೆ ಹೇಳು, ಬೈಯೂದು ಬಾಕಿ ಉಂಟು. ಈಗ ಮತ್ತೊಂದು ಸಲ ರಕ್ತ ನೋಡಿ. ಎಪ್ಪತ್ತು ದಾಟಿದ್ರೆ ಕೂಡ್ಲೆ ಊಟ ಬಡಿಸಿ. ಚುಚ್ಚಿದಷ್ಟು ತಿನ್ನಲೇಬೇಕು, ಇಲ್ಲಾ ಅಂದ್ರೆ ಮತ್ತೆ ಇಳೀತು. ಎರಡು ತಾಸು ಬಿಟ್ಟು ಇನ್ನೊಂದು ಸಲ ನೋಡಿ ನಂಗೆ ತಿಳಿಸು.”

“ಮತ್ತ ಈಗ ಬಾಯಿಗೆ ಹಾಕಿದ ಸಕ್ಕರಿರೀ ಮೇಡಂ?” ವೀರಪ್ಪನವರು ಫೋನಿನ ಹತ್ತಿರಕ್ಕೆ ಬಗ್ಗಿ ಕೇಳಿದರು. “ಅದಕ್ಕ ಒಂದು ಹೋಳಿಗಿ ವಜಾ ಮಾಡಬೇಕೇನ್ರಿ?”

“ಬೇಡ. ಬಿದ್ದದ್ದನ್ನು ಎತ್ತೂಕೆ ಹಾಕಿದ ಸಕ್ಕರೆ ಲೆಕ್ಕಕ್ಕಿಲ್ಲೆ.”

ವೀರಪ್ಪನವರು ಎರಡೂ ಕೈ ಜೋಡಿಸಿ ಫೋನಿಗೆ ನಮಸ್ಕಾರ ಮಾಡಿದರು. ಕಾಯಿಲೆ ಬಂದಂದಿನಿಂದ ಅವರ ಬಾಯಿಗೆ ಬಿದ್ದ ವಸ್ತುವೊಂದು ಲೆಕ್ಕಕ್ಕೆ ಸಿಗದೆ ಹೋದದ್ದು ಇದೇ ಮೊದಲು.

ಮತ್ತೆ ಚುಚ್ಚಿ ನೋಡಿದರೆ ಇಬ್ಬರದೂ ಎಂಬತ್ತರ ಮೇಲೆ ಬಂದಿತ್ತು. ಗುರುಶಾಂತವ್ವ ಹೋಳಿಗೆಯ ಬುಟ್ಟಿ ಹಿಡಿದು ಬಂದವರು ಎಲೆಯ ಮುಂದೆ ಬಂದು ನಿಂತುಬಿಟ್ಟರು. ಅಯ್ಯನವರಿಗಿಂತ ಮೊದಲು ಆ ಮನೆಯಲ್ಲಿ ಯಾರೂ ಉಂಡದ್ದಿಲ್ಲ.

“ಅವರ ಪಾಲು ಮೊದಲ ತಗದ ದೇವರ ಮುಂದ ಇಡು,” ಎಂದರು ಗೌರಕ್ಕ. “ಉಳದದ್ದು ಇವರಿಗೆ ಬಡಸು. ಇವರು ಮೊದಲ ಉಂಡದ್ದಕ್ಕ ಶಿವ ಸಿಟ್ಟಾಗಾಂವಲ್ಲ, ಸಿಟ್ಟಾದ್ರ ನಾ ಮಾತಾಡತೇನಿ.”

ಬೀಗರಿಬ್ಬರೂ ಅಕ್ಕಪಕ್ಕ ಕೂತು ಉಂಡರು. ಮಹೇಶ್ವರಿ ಒಂದು ಎಲೆಯ ಮುಂದೆ, ವಿನೋದ ಇನ್ನೊಂದರ ಮುಂದೆ ಕೂತು ಎಣಿಸಿದರು, ಈ ಸಲ ಫೋನಿಲ್ಲದೆ, ಬಾಯಿಬಿಟ್ಟು. ನಾಲ್ಕನೆಯದರ ಕೊನೆಯ ತುತ್ತು ನುಂಗಿದ ವೀರಪ್ಪನವರು ಪಕ್ಕದ ಎಲೆಯ ಐದನೆಯದನ್ನು ನೋಡಿದ ನೋಟಕ್ಕೆ ಹೋಳಿಗೆಯ ಮೇಲಿನ ತುಪ್ಪ ಮತ್ತೊಮ್ಮೆ ಕಾಯಿತು.

ಆಗ ಫೋನು ಬಂತು. ಗುರುಶಾಂತವ್ವ ಕಿವಿಗೆ ಹಿಡಿದು ಕೇಳಿ, ಪಂಕ್ತಿಯ ಕಡೆ ತಿರುಗಿದರು.

“ಅಯ್ಯನವ್ರು ಬಂದಬಿಟ್ರಂತ. ಇಲ್ಲೇ ತಿರುವಿನಾಗ ಅದಾರಂತ.”

ಯಾರೂ ಎದ್ದು ನೋಡಲಿಲ್ಲ. ಗೌರಕ್ಕ ಮಹೇಶ್ವರಿಯನ್ನು ಹತ್ತಿರ ಕರೆದು, ಅವಳ ಬಾಯಿಗೂ ಒಂದು ಚಿಟಿಕೆ ಸಕ್ಕರೆ ಹಾಕಿ, ಗುರುಶಾಂತವ್ವನಿಗೆ ಹೇಳಿದರು.

“ಮದುವಿಗೆ ಅವರನ್ನ ಹಿಂದಿನ ದಿನಾನ ಕರಕೊಂಡ ಬಂದಬಿಡ್ರಿ. ಒಳ್ಳೆ ಖೋಲಿ ಕೊಡ್ರಿ, ಹಾಸಗಿ ಹಾಕಿ ಕೊಡ್ರಿ, ಹಾಲು ಹಣ್ಣು ಎಲ್ಲಾ ಕೊಡ್ರಿ. ಆಮ್ಯಾಲೆ ಹೊರಗಿಂದ ಚಿಲಕಾ ಹಾಕಿ ಬರ್ರಿ.”